ನೀರು ತಾಗಿದರೆ ಒಡೆಯುವ ವಸ್ತು ಮೀನಿನ ಮೈ ಸೇರುತ್ತದೆಯೇ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮ ಕಾರ್ಖಾನೆಯಿಂದ ಟೈಟಾನಿಯಂ ಐಸೊಪ್ರೊಪಾಕ್ಸೈಡ್ ಎಂಬ ದ್ರವ ಯುರೋಪಿಗೆ ಹೋಗುತ್ತದೆ. ವರ್ಷಕ್ಕೆ 100 ಟನ್ ದಾಟಿದ್ದರಿಂದ, ಯುರೋಪಿನ ರಾಸಾಯನಿಕಗಳ ಕಾನೂನಾದ ರೀಚ್‌ನಂತೆ ಜೈವಿಕ ಸಂಚಯನದ, ಅಂದರೆ ವಸ್ತು ಜೀವಿಗಳ ಮೈಯಲ್ಲಿ ಸೇರಿಕೊಳ್ಳುವುದರ, ಮಾಹಿತಿ ಬೇಕೆಂದು ಅಲ್ಲಿನ ಪ್ರತಿನಿಧಿ ಕೇಳುತ್ತಿದ್ದಾರೆ. ಲಾಗ್ ಪಿ ಅಳೆಯಲು ಕೊಟ್ಟ ಮಾದರಿಯನ್ನು ಪ್ರಯೋಗಾಲಯದವರು ‘ಆಗುವುದಿಲ್ಲ’ ಎಂದು ಹಿಂದಿರುಗಿಸಿದರು. ಕಂಪ್ಯೂಟರ್ ಲೆಕ್ಕದಿಂದ ಒಂದು ಸಂಖ್ಯೆ ಸಿಕ್ಕಿದೆ. ಅದನ್ನೇ ಬರೆಯಲೇ, ಮೀನಿನ ಪರೀಕ್ಷೆ ಮಾಡಿಸಲೇ?

ಉತ್ತರ: ಎರಡೂ ಬೇಡ. ಪ್ರಯೋಗಾಲಯದವರು ಮಾಡಿದ್ದು ಸರಿ. ಒಂದು ವಸ್ತು ಆಕ್ಟನಾಲ್ ಮತ್ತು ನೀರಿನ ನಡುವೆ ಹೇಗೆ ಹಂಚಿಹೋಗುತ್ತದೆ ಎಂಬುದೇ ಲಾಗ್ ಪಿ. ಜೀವಿಗಳ ಕೊಬ್ಬಿನ ಬದಲಿಗೆ ಅಲ್ಲಿ ಆಕ್ಟನಾಲ್ ಎಂಬ ಎಣ್ಣೆಯಂಥ ದ್ರವ ಇರುತ್ತದೆ; ಲಾಗ್ ಪಿ ಹೆಚ್ಚಿದಷ್ಟೂ ವಸ್ತು ಕೊಬ್ಬಿನತ್ತ ವಾಲುತ್ತದೆ. ಹಂಚಿಹೋಗಲು ವಸ್ತು ಉಳಿಯಬೇಕಲ್ಲ? ನಿಮ್ಮ ದ್ರವದ ಹನಿಯೊಂದು ನೀರಿಗೆ ಬಿದ್ದರೆ ಏನಾಗುತ್ತದೆಂದು ನೀವೇ ನೋಡಿರುತ್ತೀರಿ: ಬಿದ್ದಲ್ಲೇ ಒಡೆದ ಹಾಲಿನಂತೆ ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಬಾಟಲಿಯ ಮುಚ್ಚಳದ ಸುತ್ತ ಕಟ್ಟುವ ಬಿಳಿ ಹಕ್ಕಳೆಯೂ ಅದೇ. ಅದಕ್ಕೆ ಗಾಳಿಯ ತೇವವೇ ಸಾಕು. 284 ಗ್ರಾಂ ವಸ್ತು ನೀರನ್ನೂ ಸೇರಿಸಿಕೊಂಡು ಪೂರ್ತಿ ಒಡೆದರೆ ಸುಮಾರು 240 ಗ್ರಾಂ ಐಸೊಪ್ರೊಪೈಲ್ ಆಲ್ಕೊಹಾಲ್, 80 ಗ್ರಾಂ ಟೈಟಾನಿಯಂ ಡೈಆಕ್ಸೈಡ್.

ಮೀನಿನ ಪರೀಕ್ಷೆ, ಅಂದರೆ ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 305ನೇ ಪರೀಕ್ಷಾ ವಿಧಾನ, ಸಾಮಾನ್ಯವಾಗಿ 28 ದಿನ ಮೀನುಗಳನ್ನು ಆ ವಸ್ತುವಿರುವ ನೀರಿನಲ್ಲಿ ಇಡುತ್ತದೆ. ಅಷ್ಟೂ ದಿನ ನೀರಿನಲ್ಲಿ ಅದರ ಪ್ರಮಾಣ ಶೇಕಡಾ 20ಕ್ಕಿಂತ ಹೆಚ್ಚು ಏರುಪೇರಾಗಬಾರದು. ನಿಮ್ಮ ವಸ್ತು ಕಿವಿರು ತಲುಪುವ ಮೊದಲೇ ಇಲ್ಲವಾಗಿರುತ್ತದೆ. ಏನನ್ನೂ ಹೇಳದ ಸಂಖ್ಯೆಗಾಗಿ ಮೀನುಗಳನ್ನು ಕೊಲ್ಲಲು ನನ್ನ ಮನಸ್ಸು ಒಪ್ಪುವುದಿಲ್ಲ. ಬೆನ್ನೆಲುಬಿರುವ ಪ್ರಾಣಿಗಳ ಪರೀಕ್ಷೆ ಬೇರೆ ದಾರಿಯೇ ಇಲ್ಲದಾಗ ಮಾತ್ರ ಎಂದು ರೀಚ್ ಕೂಡ ಹೇಳುತ್ತದೆ. ಇನ್ನು ಕಂಪ್ಯೂಟರ್ ಲೆಕ್ಕ: ಆ ಸೂತ್ರಗಳನ್ನು ಕಟ್ಟಿರುವುದು ಸಾಮಾನ್ಯ ಸಾವಯವ ಅಣುಗಳ ಅಳತೆಯ ಮೇಲೆ. ಟೈಟಾನಿಯಂ ಮತ್ತು ಆಮ್ಲಜನಕದ ಬಂಧ ಅವುಗಳ ಲೆಕ್ಕಕ್ಕೆ ಸಿಗುವುದಿಲ್ಲ.

ಮೊದಲು ಜಲವಿಚ್ಛೇದನೆಯ, ಅಂದರೆ ನೀರು ತಾಗಿ ಒಡೆಯುವುದರ, ಪುರಾವೆ ಇಡಿ. ಅರ್ಧಾಯು, ಅಂದರೆ ವಸ್ತುವಿನ ಅರ್ಧ ಭಾಗ ಒಡೆಯಲು ಬೇಕಾದ ಸಮಯ, 12 ಗಂಟೆಗಿಂತ ಕಡಿಮೆಯಿದ್ದರೆ ಮೂಲ ವಸ್ತುವಿನ ಬದಲು ಒಡೆದು ಬಂದದ್ದನ್ನು ಪರಿಶೀಲಿಸುವುದು ರೂಢಿ. ಐಸೊಪ್ರೊಪೈಲ್ ಆಲ್ಕೊಹಾಲಿನ ಲಾಗ್ ಪಿ ಸುಮಾರು 0.05, ಸೂಕ್ಷ್ಮಜೀವಿಗಳು ಅದನ್ನು ಸುಲಭವಾಗಿ ಅರಗಿಸುತ್ತವೆ. ಲಾಗ್ ಪಿ 3 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಮೀನಿನ ಪರೀಕ್ಷೆ ಬಿಡಲು ಕಾನೂನಿನಲ್ಲಿ ಅವಕಾಶವಿದೆ. ಆಕ್ಸೈಡ್ ನಿರವಯವ. ಅದಕ್ಕೆ ಲಾಗ್ ಪಿ ಕೇಳುವುದೇ ಅರ್ಥಹೀನ. ಅದು ನೀರಿನಲ್ಲಿ ಕರಗುವುದಿಲ್ಲ, ತಳಕ್ಕಿಳಿಯುತ್ತದೆ ಎಂದು ಬೇರೆಯಾಗಿಯೇ ವಾದಿಸಿ.

ಪ್ರಶ್ನೆ: ಹಾಗಾದರೆ ನೀರಿನೊಂದಿಗೆ ಪ್ರತಿಕ್ರಿಯಿಸುವ ಯಾವ ಲೋಹದ ಸಂಯುಕ್ತಕ್ಕೂ ಸಂಚಯನದ ಭಯವಿಲ್ಲವೇ?

ಉತ್ತರ: ದಯವಿಟ್ಟು ಹಾಗೆ ತಿಳಿಯಬೇಡಿ. ಯಾವ ಬಂಧ ಮುರಿಯಿತು ಎಂಬುದರಲ್ಲೇ ಎಲ್ಲವೂ ಇದೆ. ಹಡಗಿನ ತಳಕ್ಕೆ ಬಳಿಯುತ್ತಿದ್ದ ಟ್ರೈಬ್ಯುಟೈಲ್ ತವರದ ಆಕ್ಸೈಡ್ ನೆನಪಿಸಿಕೊಳ್ಳಿ. ನೀರಿನಲ್ಲಿ ಅದರ ತವರ ಮತ್ತು ಆಮ್ಲಜನಕದ ಬಂಧ ಬಿಡುತ್ತದೆ, ಆದರೆ ತವರಕ್ಕೆ ಇಂಗಾಲದ ಮೂಲಕ ಅಂಟಿದ ಮೂರು ಬ್ಯುಟೈಲ್ ಗುಂಪುಗಳು ಹಾಗೆಯೇ ಉಳಿಯುತ್ತವೆ. ಆ ತುಣುಕೇ ಚಿಪ್ಪುಜೀವಿಗಳ ಮೈಯಲ್ಲಿ ಸೇರಿತು. ಫ್ರಾನ್ಸಿನ ಆರ್ಕಶೋನ್ ಕೊಲ್ಲಿಯ ಸಿಂಪಿಗಳ ಚಿಪ್ಪು ವಿಕಾರವಾಗಿ ದಪ್ಪವಾಯಿತು, ಇಂಗ್ಲೆಂಡಿನ ತೀರದಲ್ಲಿ ಹೆಣ್ಣು ಕಡಲ ಬಸವನಹುಳುಗಳಿಗೆ ಗಂಡಿನ ಅಂಗ ಮೂಡಿತು. ಫ್ರಾನ್ಸ್ 1982ರಲ್ಲಿ ಸಣ್ಣ ದೋಣಿಗಳಿಗೆ ಅದರ ಬಣ್ಣ ನಿಷೇಧಿಸಿತು. ಎಲ್ಲ ಹಡಗುಗಳನ್ನು ಮುಟ್ಟುವ ಅಂತರರಾಷ್ಟ್ರೀಯ ಒಪ್ಪಂದ 2001ರಲ್ಲಿ ಆದರೂ ಜಾರಿಗೆ ಬಂದದ್ದು 2008ರಲ್ಲಿ.

ಪ್ರಶ್ನೆ: ನಮ್ಮ ಇನ್ನೊಂದು ಉತ್ಪನ್ನದಲ್ಲಿ ಎರಡು ಐಸೊಪ್ರೊಪಾಕ್ಸಿ ಗುಂಪುಗಳ ಜಾಗದಲ್ಲಿ ಅಸಿಟೈಲ್‌ಅಸಿಟೋನ್ ಇದೆ. ಅದಕ್ಕೂ ಇದೇ ಬರಹ ಸಾಕೇ?

ಉತ್ತರ: ಸಾಲದು. ಅಸಿಟೈಲ್‌ಅಸಿಟೋನ್ ಲೋಹವನ್ನು ಎರಡು ಕಡೆಯಿಂದ ಹಿಡಿದಿರುತ್ತದೆ. ಐಸೊಪ್ರೊಪಾಕ್ಸಿ ಗುಂಪುಗಳು ಮೊದಲು ಹೋಗುತ್ತವೆ, ಇದು ನಿಧಾನವಾಗಿ ಬಿಡುತ್ತದೆ. ಜಲವಿಚ್ಛೇದನೆ ಅಳೆಯುವ ವಿಧಾನವಾದ ಒಇಸಿಡಿ 111ರ ಪ್ರಕಾರ ಪಿಎಚ್ 4, 7 ಮತ್ತು 9ರಲ್ಲಿ ಅಳತೆ ಮಾಡಿಸಿ, ಬಿಡುಗಡೆಯಾದ ಅಸಿಟೈಲ್‌ಅಸಿಟೋನ್ ಎಷ್ಟೆಂದು ಗಂಟೆಗಂಟೆಗೂ ನೋಡಲು ಹೇಳಿ. ಆ ಅಂಕಿಗಳು ಬಂದ ಮೇಲೆ ಇಲ್ಲಿಯೇ ಹಾಕಿ, ಒಟ್ಟಿಗೆ ಕುಳಿತು ಓದೋಣ.