ಮುಸುವಗಳ ಮರದಡಿಯ ಜಿಂಕೆಗಳು: ಇದು ಪರಸ್ಪರ ನೆರವೇ?

ಪ್ರಶ್ನೆ:
ಈ ಬೇಸಿಗೆಯಲ್ಲಿ ನಾಗರಹೊಳೆಗೆ ಹೋಗಿದ್ದಾಗ, ಅತ್ತಿಮರದಲ್ಲಿದ್ದ ಮುಸುವಗಳು ಹಣ್ಣನ್ನು ಅರ್ಧ ಕಚ್ಚಿ ಕೆಳಗೆ ಬಿಸಾಡುತ್ತಿದ್ದವು. ಏಳೆಂಟು ಚುಕ್ಕೆ ಜಿಂಕೆಗಳು ಅದನ್ನು ಹೆಕ್ಕಿ ತಿನ್ನುತ್ತಿದ್ದವು; ಒಂದು ಹೆಣ್ಣುಜಿಂಕೆಯಂತೂ ಕತ್ತೆತ್ತಿ ಕೊಂಬೆಯನ್ನೇ ನೋಡುತ್ತಾ ನಿಂತಿತ್ತು. ಇದರಲ್ಲಿ ಮುಸುವಕ್ಕೇನು ಲಾಭ? ಹುಲಿ, ಚಿರತೆ, ಸೀಳುನಾಯಿ ಮೂರೂ ಅದೇ ಕಾಡಿನಲ್ಲಿ ಜಿಂಕೆಯನ್ನು ಬೇಟೆಯಾಡುತ್ತಲೇ ಒಟ್ಟಿಗೆ ಹೇಗೆ ಬದುಕುತ್ತವೆ?

ಉತ್ತರ 1:
ಲಾಭ ಎರಡೂ ಕಡೆಗಿದೆ, ಆದರೆ ಸಮಪಾಲಿಲ್ಲ. ಮರದ ಮೇಲಿನ ಮುಸುವಕ್ಕೆ ದೂರದವರೆಗೂ ಕಾಣುತ್ತದೆ, ಜಿಂಕೆಯ ಮೂಗು ಬಲು ಚುರುಕು. ಹುಲಿಯೋ ಚಿರತೆಯೋ ಸುಳಿದಾಗ ಯಾವುದು ಮೊದಲು ಕೂಗಿದರೂ ಇನ್ನೊಂದು ಎಚ್ಚೆತ್ತುಕೊಳ್ಳುತ್ತದೆ. ಮುಸುವಗಳು ನೆಲಕ್ಕಿಳಿದಾಗ ಜಿಂಕೆಗಳ ಈ ಕಾವಲು ಅವಕ್ಕೆ ಒದಗಿಬರುತ್ತದೆ. ಆಹಾರದ ಮಟ್ಟಿಗೆ ಮಾತ್ರ ಪಡೆಯುವುದು ಜಿಂಕೆಯೇ. ಹುಲ್ಲು ಒಣಗಿದ ದಿನಗಳಲ್ಲಿ, ತನ್ನ ಕತ್ತಿಗೆ ಎಂದೂ ಎಟುಕದ ಎತ್ತರದ ಎಲೆ, ಹಣ್ಣುಗಳು ಅದಕ್ಕೆ ದೊರೆಯುವುದು ಹೀಗೆಯೇ. ಆದ್ದರಿಂದ ಇದನ್ನು ಸ್ನೇಹವೆನ್ನುವುದಕ್ಕಿಂತ ಹೊಂದಾಣಿಕೆ ಎನ್ನುವುದೇ ಸರಿಯೆಂದು ನನಗೆ ತೋರುತ್ತದೆ.

ಉತ್ತರ 2:
ನಿಮ್ಮ ಎರಡನೆಯ ಪ್ರಶ್ನೆಗೆ ನಾಗರಹೊಳೆಯಲ್ಲಿಯೇ ಉತ್ತರ ದೊರೆತಿದೆ. ವನ್ಯಜೀವಿ ವಿಜ್ಞಾನಿಗಳಾದ ಉಲ್ಲಾಸ ಕಾರಂತ ಹಾಗೂ ಮೆಲ್ ಸನ್‌ಕ್ವಿಸ್ಟ್ ಅವರು 1995ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹುಲಿಯು 176 ಕಿಲೋಗಿಂತ ಹೆಚ್ಚು ತೂಗುವ ಪ್ರಾಣಿಗಳನ್ನು ಆಯ್ದುಕೊಂಡರೆ, ಚಿರತೆ ಮತ್ತು ಸೀಳುನಾಯಿಗಳು 30ರಿಂದ 175 ಕಿಲೋ ತೂಕದವುಗಳ ಕಡೆ ವಾಲುತ್ತವೆ. ಹುಲಿ ಜಿಂಕೆಯನ್ನು ಬಿಡುತ್ತದೆಂದು ಇದರರ್ಥವಲ್ಲ. ಆದರೆ ಕಾಟಿ, ಕಡವೆಗಳು ಸಾಕಷ್ಟಿರುವಲ್ಲಿ ಅದರ ಒತ್ತಡ ಉಳಿದೆರಡರ ಮೇಲೆ ಕಡಿಮೆಯಾಗುತ್ತದೆ. ಇನ್ನು ಒಂದೇ ಗಾತ್ರದ ಬೇಟೆಗೆ ಪೈಪೋಟಿ ನಡೆಸುವ ಚಿರತೆ ಮತ್ತು ಸೀಳುನಾಯಿಗಳಲ್ಲಿ ಒಂದು ಹೆಚ್ಚಾಗಿ ಇರುಳಿನಲ್ಲಿ ಹೊಂಚುಹಾಕುತ್ತದೆ, ಇನ್ನೊಂದು ಹಗಲಿನಲ್ಲಿ ಗುಂಪಾಗಿ ಅಟ್ಟಿಸಿಕೊಂಡು ಹೋಗುತ್ತದೆ. ಹಾಗಾಗಿಯೇ, ಕಾಟಿ ಮತ್ತು ಕಡವೆಗಳ ಕಳ್ಳಬೇಟೆಯನ್ನು ಹುಲಿಯೊಂದರ ನಷ್ಟವೆಂದಷ್ಟೇ ಎಣಿಸುವುದು ತಪ್ಪೆಂದು ನನ್ನ ಬಲವಾದ ಅಭಿಪ್ರಾಯ. ದೊಡ್ಡ ಬೇಟೆ ಸಿಗದ ಹುಲಿಯು ಜಿಂಕೆಗೆ ಇಳಿದಾಗ, ಮೊದಲು ಪೆಟ್ಟು ತಿನ್ನುವುದು ಚಿರತೆ ಮತ್ತು ಸೀಳುನಾಯಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಿದ್ದರೆ ಹಣ್ಣು ಕೊಡುವ ಮರಕ್ಕೆ ಜಿಂಕೆಯಿಂದ ಏನಾದರೂ ಸಲ್ಲುತ್ತದೆಯೇ?

ಉತ್ತರ 3:
ನೆಲ್ಲಿಮರಕ್ಕಂತೂ ಸಲ್ಲುತ್ತದೆ. ಉದುರಿದ ನೆಲ್ಲಿಕಾಯಿಯನ್ನು ಜಿಂಕೆ ನುಂಗಿ, ಬಳಿಕ ಬೇರೆಡೆ ಮಲಗಿ ಮೆಲುಕು ಹಾಕುವಾಗ ಗಟ್ಟಿ ಓಟೆಯನ್ನು ಉಗುಳುತ್ತದೆ. ತಾಯಿಮರದ ನೆರಳಿನಿಂದಾಚೆಗೆ ಬೀಜ ತಲುಪುವುದು ಹೀಗೆ. ಮುಂದಿನ ಸಲ ಹೋದಾಗ ಜಿಂಕೆಗಳು ಮಲಗೆದ್ದ ಜಾಗವನ್ನು ಗಮನಿಸಿ.