ಅಪ್‌ಡೇಟ್: ಮಂಚದ ಕೆಳಗಿದ್ದ ಕೆಂಚಿ
ತುಮಕೂರಿನ ಹೆದ್ದಾರಿ ಬದಿಯಿಂದ ತಂದ ನಾಯಿ ಕೆಂಚಿ ಮಂಚದ ಕೆಳಗಿನಿಂದ ಹೊರಗೇ ಬರುವುದಿಲ್ಲ, ಕುಕ್ಕರ್ ಕೂಗಿದರೆ ನಡುಗುತ್ತಾಳೆ ಏನು ಮಾಡಲಿ ಎಂದು ಕಳೆದ ತಿಂಗಳು ಇಲ್ಲಿ ನಿಮ್ಮನ್ನು ಕೇಳಿದ್ದೆ. ‘ಎಳೆಯಬೇಡಿ, ದಿಟ್ಟಿಸಬೇಡಿ, ಸುಮ್ಮನೆ ಹತ್ತಿರ ಕುಳಿತಿರಿ’ ಎಂದಿದ್ದಿರಿ. ಹಾಗೆಯೇ ಮಾಡಿದೆ. ದಿನವೂ ಬೆನ್ನು ತಿರುಗಿಸಿ ಕುಳಿತು ಪತ್ರಿಕೆ ಓದುತ್ತಾ, ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ಚೂರುಗಳನ್ನು (ಚಟ್ನಿ ಸೋಕಿಸದೆ, ಅದರಲ್ಲಿನ ಈರುಳ್ಳಿ ನಾಯಿಗಳಿಗೆ ವಿಷ) ಹಿಂದಕ್ಕೆ ಸರಿಸುತ್ತಿದ್ದೆ. ಹನ್ನೊಂದನೆಯ ದಿನ ಒದ್ದೆ ಮೂಗೊಂದು ಮೊಣಕೈಗೆ ತಾಗಿತು. ತಿರುಗಿ ನೋಡಲು ಧೈರ್ಯ ಸಾಲದೆ ಒಂದೇ ಸಾಲನ್ನು ನಾಲ್ಕು ಸಲ ಓದಿದೆ!

ಕುಕ್ಕರ್ ಭಯ ಹೋಗಿಲ್ಲ. ಅಮ್ಮ ಈಗ ಬೇಳೆಯನ್ನು ಪಾತ್ರೆಯಲ್ಲೇ ಬೇಯಿಸುತ್ತಾರೆ, ಗೊಣಗುತ್ತಲೇ. ಮಂಚದ ಕೆಳಗಿನ ಹಳೆಯ ಕಂಬಳಿಯನ್ನು ತೆಗೆದಿಲ್ಲ. ಅದು ಅವಳ ಜಾಗ. ದೀಪಾವಳಿಯ ಪಟಾಕಿ ಶುರುವಾಗುವ ಮೊದಲೇ ಪಶುವೈದ್ಯರನ್ನು ಕಾಣಬೇಕು.