ಪದ ಬೇಕು: 'ನ್ಯಾನೋ ಬೆಳ್ಳಿ', 'ಮಾಯದ ಗಾಯ' (ಬೋರ್ಡಿಗೆ, ಅರ್ಜೆಂಟು)

ದಾವಣಗೆರೆಯಿಂದ:
ಎಲ್ಲರಿಗೂ ನಮಸ್ಕಾರ. ಇಲ್ಲಿ ಪರಿಚಯದ ಡಾಕ್ಟರೊಬ್ಬರು ಶುಗರ್ ಇರುವವರ ಕಾಲಿಗೆ ಡ್ರೆಸ್ಸಿಂಗ್ ಮಾಡುವ ಕೋಣೆಗೆ ಬೋರ್ಡು ಬರೆಸುತ್ತಿದ್ದಾರೆ. ನಾಳೆ ಬೆಳಿಗ್ಗೆ ಪೇಂಟರಿಗೆ ಮ್ಯಾಟರ್ ಕೊಡಬೇಕು. ತಿಂಗಳುಗಟ್ಟಲೆ ಹಾಗೇ ಉಳಿಯುವ ಗಾಯಕ್ಕೆ 'ದೀರ್ಘಕಾಲಿಕ ವ್ರಣ' ಅಂತ ಬರೆದುಕೊಟ್ಟೆ. "ಇದು ಯಾವ ಊರಿನ ಕಾಯಿಲೆ ಸಾರ್?" ಅಂದರು ಅಲ್ಲಿನ ಸಿಸ್ಟರ್. 'ಮಾಯದ ಗಾಯ' ಅಂದರೆ ಮಾಯಾಮಂತ್ರದ ಗಾಯ ಅಂತ ಓದಿಬಿಡ್ತಾರೇನೋ.

ಇನ್ನೊಂದು ತೊಡಕು ನ್ಯಾನೋ ಬೆಳ್ಳಿ. ಗಾಯದ ಪಟ್ಟಿಯಲ್ಲಿ 100 ನ್ಯಾನೋಮೀಟರಿಗಿಂತ (ಒಂದು ನ್ಯಾನೋಮೀಟರ್ ಅಂದರೆ ಮೀಟರಿನ ನೂರು ಕೋಟಿಯಲ್ಲೊಂದು ಪಾಲು) ಸಣ್ಣ ಬೆಳ್ಳಿ ಕಣ ಇರುತ್ತವೆ. ಕಣ ಸಣ್ಣದಾದಷ್ಟೂ ಅದೇ ತೂಕಕ್ಕೆ ಮೇಲ್ಮೈ ಜಾಸ್ತಿ. ಅದರಿಂದ ಬೆಳ್ಳಿಯ ಅಯಾನು, ಅಂದರೆ ವಿದ್ಯುದಂಶ ಇರುವ ಬೆಳ್ಳಿ ಪರಮಾಣು, ನಿಧಾನಕ್ಕೆ ಹೊರಬಂದು ಬ್ಯಾಕ್ಟೀರಿಯಾ ಕೊಲ್ಲುತ್ತೆ. 'ಅಣುಬೆಳ್ಳಿ' ಆಗುತ್ತಾ?

ಚಿತ್ರದುರ್ಗದಿಂದ:
ಆಗಲ್ಲ. ಅಣು ಅಂದರೆ ಮಾಲಿಕ್ಯೂಲ್. ನ್ಯಾನೋ ಕಣದಲ್ಲಿ ಪರಮಾಣುಗಳೇ ಸಾವಿರಾರು ಇರಬಹುದು. ಜನರಿಗಂತೂ ಅಣು ಅಂದರೆ ಬಾಂಬು. ನ್ಯಾನೋ ಅನ್ನೋದು ಗ್ರೀಕಿನ 'ಕುಳ್ಳ', ನಮ್ಮಲ್ಲಿ 'ಕಿರು' ಇದೆ. 'ಕಿರುಬೆಳ್ಳಿ' ಅನ್ನಿ. 'ಗಾಯ'ವೂ ಕನ್ನಡದ್ದಲ್ಲ, 'ಘಾತ'ದ ತದ್ಭವ. ಹಳಗನ್ನಡದ 'ಪುಣ್', ಈಗಿನ 'ಹುಣ್ಣು' ಇರುವಾಗ ಚರ್ಚೆಗೆ ಏನಿದೆ?

ಚಳ್ಳಕೆರೆಯಿಂದ:
ಕಿರುಬೆಳ್ಳಿ ಅಂದರೆ ಕೂಸಿನ ಕಾಲ್ಗೆಜ್ಜೆ ಅಂದ್ಕೊಳ್ತಾರೆ ಸಾರ್. 2021ರಿಂದ ಗೊಬ್ಬರದಂಗಡಿಗಳಿಗೆ ನ್ಯಾನೋ ಯೂರಿಯಾ ಬರ್ತಿದೆ, ಅರ್ಧ ಲೀಟರ್ ಬಾಟಲಿ. ರೈತರಿಗೆ ನ್ಯಾನೋ ಗೊತ್ತು. ಅದರಿಂದ ಬೆಳೆ ಬರುತ್ತೋ ಇಲ್ವೋ, ಅದು ಬೇರೆ ಜಗಳ.

'ಹುಣ್ಣು' ಸರಿ, ಆದರೆ ನೀವು ಹೇಳಿದ ಕಾರಣಕ್ಕಲ್ಲ. ಗಾಯ ಅಂದರೆ ಏಟು ಬಿದ್ದದ್ದು. ನಮ್ಮಪ್ಪನಿಗೆ ಏಟೇ ಬಿದ್ದಿರಲಿಲ್ಲ. ಶುಗರಿನಿಂದ ಪಾದದ ಸ್ಪರ್ಶ ಹೋಗಿತ್ತು. ಚಪ್ಪಲಿಯಲ್ಲಿ ಹುರುಳಿಕಾಳಿನಷ್ಟು ಕಲ್ಲು ಸೇರಿತ್ತು, ಸಂಜೆವರೆಗೂ ಅದನ್ನೇ ತುಳಿದುಕೊಂಡು ಓಡಾಡಿದ್ದರು. ಬಿಚ್ಚಿದಾಗ ಅಟ್ಟೆಗೆ ರಕ್ತ ಅಂಟಿತ್ತು, ಅವರಿಗೆ ನೋವೇ ಇಲ್ಲ. ಆ ತೂತು ಮುಚ್ಚೋಕೆ ಆರು ತಿಂಗಳಾಯ್ತು. ಅಜ್ಜಿ ಅದನ್ನ 'ಹಳೇ ಹುಣ್ಣು' ಅಂತಿದ್ದಳು. ಅಷ್ಟು ಸಾಕಲ್ವಾ?

ಅಂದಹಾಗೆ 'ವಾಸಿ ಮಾಡುವ ಬೆಳ್ಳಿ' ಅಂತ ಮಾತ್ರ ಬರೆಸಬೇಡಿ. ಬೆಳ್ಳಿ ಇರೋದು ಸೋಂಕಿಗೆ. ಹುಣ್ಣು ಮುಚ್ಚಬೇಕಾದರೆ ಶುಗರ್ ಹಿಡಿತಕ್ಕೆ ಬರಬೇಕು, ಆ ಜಾಗದ ಮೇಲೆ ಭಾರ ಬೀಳಬಾರದು.

ಚಿತ್ರದುರ್ಗದಿಂದ:
ಗೊಬ್ಬರದಂಗಡಿ ನಿಘಂಟಲ್ಲ. ಇವತ್ತು ನ್ಯಾನೋ ಒಳಗೆ ಬಿಟ್ಟುಕೊಂಡರೆ ನಾಳೆ 'ವೂಂಡ್' ಅಂತಲೂ ಬರೆಸಿ.

ಚಳ್ಳಕೆರೆಯಿಂದ:
ಹೈದರಾಲಿ ನಿಮ್ಮ ಕೋಟೆ ಹಿಡಿದದ್ದು 1779ರಲ್ಲಿ. ಅವನೂ ಹೋದ, ಕೋಟೆಯೂ ಖಾಲಿಯಾಯ್ತು. ದವಾಖಾನೆ, ಮುಲಾಮು ಅನ್ನೋ ಹೊರಗಿನ ಪದಗಳು ಇನ್ನೂ ಊರಲ್ಲೇ ಇವೆ. ಮೊದಲು ಅವನ್ನ ಓಡಿಸಿ, ಆಮೇಲೆ ನ್ಯಾನೋ ತಂಟೆಗೆ ಬನ್ನಿ.

ಚಿತ್ರದುರ್ಗದಿಂದ:
ದವಾಖಾನೆಯನ್ನ ನಾನು ಬಳಸೋದೇ ಇಲ್ಲ. ಆಸ್ಪತ್ರೆ ಅಂತೀನಿ.

ಚಳ್ಳಕೆರೆಯಿಂದ:
ಅದು 'ಹಾಸ್ಪಿಟಲ್' ಸ್ವಾಮಿ!

ದಾವಣಗೆರೆಯಿಂದ:
ನೀವಿಬ್ಬರೂ ಮುಂದುವರಿಸಿ. ನಾನು ಬರೆದುಕೊಟ್ಟಾಯ್ತು: 'ಶುಗರ್ ಇರುವವರ ಕಾಲಿನ ಹಳೇ ಹುಣ್ಣಿಗೆ ನ್ಯಾನೋ ಬೆಳ್ಳಿ ಪಟ್ಟಿ'. ಸಿಸ್ಟರ್ ಒಪ್ಪಿದರು. ಈಗ ಪೇಂಟರ್ ಫೋನ್ ಮಾಡಿದ್ದ. "ಸಾರ್, ಬೆಳ್ಳಿ ಅನ್ನೋದಷ್ಟೇ ಸಿಲ್ವರ್ ಕಲರಲ್ಲಿ ಹೊಡೀಲಾ?"